ಜೀರ್ಣರಥ ವಾರಂಟಿ ಮೀಮಾಂಸೆ

ಅವತರಣಿಕೆ

ಕಾರು ಕೊಳ್ಳುವ ಬಗೆಗೆ ಲೋಕದಲ್ಲಿ ಉಪದೇಶಕ್ಕೆ ಬರವಿಲ್ಲ. ಮಾರುವ ಬಗೆಗೂ ಇಲ್ಲ. ಕೊಂಡದ್ದನ್ನು ಮಾರಲು ಮನಸ್ಸೂ ಬಾರದೆ, ಅದನ್ನೇ ನಂಬಿ ಶಿರಾಡಿ ಘಾಟಿ ಇಳಿಯಲು ಧೈರ್ಯವೂ ಸಾಲದೆ ನಡುವೆ ಸಿಕ್ಕಿಬಿದ್ದ ಗೃಹಸ್ಥ ಏನು ಮಾಡಬೇಕು ಎಂಬ ವಿಚಾರದಲ್ಲಿ ಮಾತ್ರ ಪೂರ್ವಾಚಾರ್ಯರು ಒಕ್ಕೊರಲಿನಿಂದ ಮೌನವಾಗಿದ್ದಾರೆ. ಅವರನ್ನು ದೂರುವಂತಿಲ್ಲ. ಅವರ ಕಾಲದಲ್ಲಿ ರಥದ ಅಚ್ಚು ಮುರಿದರೆ ಬಡಗಿ ಬರುತ್ತಿದ್ದ, ಕುದುರೆ ಕುಂಟಿದರೆ ಇನ್ನೊಂದು ಕುದುರೆ ಬರುತ್ತಿತ್ತು. "ಸಾರ್, ಎಕ್ಸ್‌ಟೆಂಡೆಡ್ ವಾರಂಟಿ ಹಾಕಿಬಿಡ್ಲಾ? ಆಫರ್ ಇವತ್ತೇ ಲಾಸ್ಟು" ಎಂದು ಕೇಳುವ ಸರ್ವಿಸ್ ಅಡ್ವೈಸರ್ ಮಾತ್ರ ಇರಲಿಲ್ಲ. ಆ ಒಂದು ಪ್ರಶ್ನೆಗೆ ಶಾಸ್ತ್ರೋಕ್ತವಾದ ಉತ್ತರ ಒದಗಿಸುವುದೇ ಪ್ರಸ್ತುತ ಪ್ರಬಂಧದ ಹೊಣೆ.

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಿಬಿಡಬೇಕು. ವಿಷಯ: ವಾರಂಟಿ ವಿಸ್ತರಣೆ. ಪ್ರಯೋಜನ: ದುಃಖನಿವೃತ್ತಿ, ಅದು ಕೈಗೂಡದಿದ್ದರೆ ಬಿಲ್ಲಿನಲ್ಲಿ ಕಡಿತ. ಸಂಬಂಧ: ಮಾಲೀಕನಿಗೂ ಸರ್ವಿಸ್ ಸೆಂಟರಿಗೂ ಇರುವಂಥದ್ದು, ಬಿಡಿಸಿಕೊಳ್ಳಲು ಬಾರದ್ದು. ಅಧಿಕಾರಿ: ಯಾರ ಬಳಿ ಇದುವರೆಗಿನ ಎಲ್ಲ ಸರ್ವಿಸ್ ಬಿಲ್ಲುಗಳೂ ಇವೆಯೋ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿದೊಡನೆ ಯಾರಿಗೆ ಸಂಸಾರದಲ್ಲಿ ವೈರಾಗ್ಯ ಮೂಡುತ್ತದೆಯೋ ಆತ. ಹೊಸ ಕಾರಿನವರು ಈ ಗ್ರಂಥವನ್ನು ಓದಬಾರದೆಂದೇನೂ ಇಲ್ಲ. ಅರ್ಥವಾಗಲು ಮೂರು ವರ್ಷ ಕಾಯಬೇಕಾದೀತು, ಅಷ್ಟೇ.

ದೃಷ್ಟಾಂತಕ್ಕೆ ಒಬ್ಬ ಮಾಲೀಕ ಬೇಕು. ತರ್ಕಗ್ರಂಥಗಳಲ್ಲಿ ಉದಾಹರಣೆಗೆ ಜನ ಬೇಕಾದಾಗಲೆಲ್ಲ ಕರೆಕಳುಹಿಸುವುದು ದೇವದತ್ತನಿಗೆ. ಶತಮಾನಗಳಿಂದ ಸಂಬಳವಿಲ್ಲದೆ ದುಡಿದ ಈತನಿಗೆ ಇಲ್ಲಿ ಬೆಂಗಳೂರಿನ ಬನಶಂಕರಿಯಲ್ಲಿ ಮನೆ ಮಾಡಿಸಿ, 2017ರ ಮಾಡೆಲ್ಲಿನ, 86,000 ಕಿಲೋಮೀಟರ್ ಓಡಿದ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಒಂದನ್ನು ಕೊಡಿಸಲಾಗಿದೆ. ಮುಂದಿನ ಕಷ್ಟಗಳೆಲ್ಲ ಅವನವು.

ಲಕ್ಷಣ ಪ್ರಕರಣ

ಹಳೇ ಕಾರು ಎಂದರೇನು? ಲಕ್ಷಣ ಹೇಳುವಾಗ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳು ತಟ್ಟಬಾರದೆಂದು ನೈಯಾಯಿಕರ ಕಟ್ಟಪ್ಪಣೆಯಿದೆ.

"ಹದಿನೈದು ವರ್ಷ ತುಂಬಿದ್ದು ಹಳೇ ಕಾರು" ಎಂಬುದು ಆರ್‌ಟಿಒ ಮತ. ಖಾಸಗಿ ಕಾರಿನ ನೋಂದಣಿಗೆ 15 ವರ್ಷ ಆಯುಸ್ಸು. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ಆ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ನೆಗೆದದ್ದನ್ನು ನೋಡಿದರೆ ಮುಪ್ಪಿನ ಬಗ್ಗೆ ಸರ್ಕಾರಕ್ಕೆ ಖಚಿತವಾದ ಅಭಿಪ್ರಾಯವಿದೆ ಎಂದು ಗೊತ್ತಾಗುತ್ತದೆ. ಆದರೆ ಎಂಟನೇ ವರ್ಷಕ್ಕೇ ಎರಡು ರೇಡಿಯೇಟರ್ ನುಂಗಿದ ಕಾರು ಈ ಲಕ್ಷಣದೊಳಗೆ ಬರುವುದಿಲ್ಲ, ಆದ್ದರಿಂದ ಅವ್ಯಾಪ್ತಿ. "ಓಡುವಾಗ ಕಟಕಟ ಎನ್ನುವುದು ಹಳೇ ಕಾರು" ಎಂದರೆ ಅತಿವ್ಯಾಪ್ತಿ. ನಮ್ಮ ಗುಂಡಿಗಳ ಮೇಲೆ ನಿನ್ನೆ ಶೋರೂಮಿನಿಂದ ಇಳಿದದ್ದೂ ಕಟಕಟ ಎನ್ನುತ್ತದೆ. "ಖರ್ಚಿಲ್ಲದೆ ಓಡುವ ಹಿರಿಯ ವಾಹನ" ಎಂದರೆ ಅಸಂಭವ. ಮಾರುವ ಜಾಹೀರಾತುಗಳಲ್ಲಿ ಬಿಟ್ಟು ಇನ್ನೆಲ್ಲೂ ಅದನ್ನು ಕಂಡವರಿಲ್ಲ.

ವಿಮಾ ಮತದವರು ಅಂಕಿಗಳ ಮೂಲಕ ಮಾತಾಡುತ್ತಾರೆ. ಅವರ ಸವಕಳಿ ಪಟ್ಟಿಯ ಪ್ರಕಾರ ಆರು ತಿಂಗಳೊಳಗಿನ ಕಾರಿಗೆ ಶೇ. 5, ವರ್ಷದೊಳಗಿನದಕ್ಕೆ ಶೇ. 15, ಹೀಗೆ ಇಳಿಯುತ್ತ ನಾಲ್ಕರಿಂದ ಐದನೇ ವರ್ಷದ ಹೊತ್ತಿಗೆ ಶೇ. 50 ಬೆಲೆ ಹೋಗಿರುತ್ತದೆ. ಐದು ದಾಟಿತೆಂದರೆ ಪಟ್ಟಿಯೇ ಮುಗಿಯಿತು. ಕಂಪನಿಯೂ ಮಾಲೀಕನೂ ಮಾತಾಡಿಕೊಂಡು ಒಂದು ಬೆಲೆ ಕಟ್ಟಬೇಕು. ದನದ ಜಾತ್ರೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಮಾಡುವ ವ್ಯವಹಾರಕ್ಕೂ ಇದಕ್ಕೂ ಇರುವ ಭೇದ ಟವೆಲ್ಲಿನದು ಮಾತ್ರ.

ಇವೆಲ್ಲವನ್ನೂ ಶೋಧಿಸಿ ಈ ಪ್ರಬಂಧ ಹೇಳುವ ನಿರ್ದುಷ್ಟ ಲಕ್ಷಣ ಇದು: ಯಾವುದರ ರಿಪೇರಿ ಎಸ್ಟಿಮೇಟ್ ಕೈಗೆ ಬಂದೊಡನೆ ಮಾಲೀಕನಿಗೆ ಅದರ ಮಾರಾಟದ ಬೆಲೆ ನೆನಪಾಗುತ್ತದೆಯೋ ಅದು ಹಳೇ ಕಾರು.

ಪ್ರಮಾಣ ಪ್ರಕರಣ

ಕಾರು ಕೆಡುತ್ತದೆಯೇ ಇಲ್ಲವೇ ಎಂದು ತಿಳಿಯುವ ಬಗೆ ಯಾವುದು? ಚಾರ್ವಾಕನಿಗೆ ಪ್ರಮಾಣ ಒಂದೇ, ನಮ್ಮ ಮಧ್ವಾಚಾರ್ಯರಿಗೆ ಮೂರು, ನೈಯಾಯಿಕರಿಗೆ ನಾಲ್ಕು, ಭಾಟ್ಟ ಮೀಮಾಂಸಕರಿಗೆ ಆರು. ಹಳೇ ಕಾರಿನ ಮಾಲೀಕನಿಗೆ ಆರೂ ಸಾಲುವುದಿಲ್ಲವಾದರೂ ಇರುವುದನ್ನು ವಿಚಾರಿಸೋಣ.

ಪ್ರತ್ಯಕ್ಷ. ದೇವದತ್ತನಿಗೆ ಎಡಗಡೆ ಮುಂಚಕ್ರದ ಬಳಿ "ಟಕ್" ಎಂದು ಕೇಳಿಸುತ್ತದೆ. ಸರ್ವಿಸ್ ಸೆಂಟರಿನ ಗೇಟು ದಾಟಿದೊಡನೆ ಕೇಳಿಸುವುದಿಲ್ಲ. ಟೆಸ್ಟ್ ಡ್ರೈವ್ ಮಾಡಿದ ಹುಡುಗ "ಏನೂ ಇಲ್ಲ ಸಾರ್" ಎಂದು ಕೀ ಕೊಟ್ಟು ಹೋದ ಮೇಲೆ, ಎರಡನೇ ಹಂಪಿನಲ್ಲಿ ಮತ್ತೆ ಕೇಳಿಸುತ್ತದೆ. ಚಾರ್ವಾಕ ಇಲ್ಲಿಗೇ ನಿಲ್ಲುತ್ತಾನೆ: ಕೆಟ್ಟದ್ದು ಕಣ್ಣಿಗೆ ಕಾಣುವ ತನಕ ಕೆಟ್ಟಿಲ್ಲ, ಆದ್ದರಿಂದ ವಾರಂಟಿ ಬೇಡ, ಕೆಟ್ಟ ದಿನ ತುಪ್ಪದ ಸಾಲದ ಜೊತೆಗೆ ಕಾರಿನ ಸಾಲವನ್ನೂ ಮಾಡಿದರಾಯಿತು.

ಅನುಮಾನ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಮೊದಲ ಪಾಠ. ಮೆಕ್ಯಾನಿಕ್ ಮತದಲ್ಲಿ ಈ ಪಾಠ ಇನ್ನಷ್ಟು ಮುಂದುವರಿದಿದೆ. ಸೈಲೆನ್ಸರಿನ ಹೊಗೆ ನೀಲಿಯಾಗಿದ್ದರೆ ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಸವೆದು ಎಂಜಿನ್ ಆಯಿಲ್ ಉರಿಯುತ್ತಿದೆ. ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ಕೂಲಂಟ್ ಒಳಗಿಳಿಯುತ್ತಿದೆ. ಪ್ರಾಚೀನರು ಹೊಗೆಯ ಬಣ್ಣವನ್ನು ವಿಚಾರಿಸಲಿಲ್ಲ. ಬೆಟ್ಟದ ರಿಪೇರಿ ಖರ್ಚು ಅವರ ಮೇಲಿರಲಿಲ್ಲ.

ಉಪಮಾನ. ಪಕ್ಕದ ಮನೆಯವರದೂ ಇದೇ ಮಾಡೆಲ್ಲು, ಅವರ ಎಸಿ ಕಂಪ್ರೆಸರ್ ಹೋಯಿತು, ಆದ್ದರಿಂದ ನನ್ನದೂ ಹೋಗುತ್ತದೆ. ಪಕ್ಕದ ಮನೆಯವರು ಇಡೀ ಮಾರ್ಚ್ ತಿಂಗಳು ಎಸಿ ಹಾಕಿ ಕಾರಿನಲ್ಲೇ ಮಲಗುತ್ತಿದ್ದರು ಎಂಬುದನ್ನು ಈ ಪ್ರಮಾಣ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಶಬ್ದ, ಎಂದರೆ ಆಪ್ತವಾಕ್ಯ. ಇದ್ದದ್ದನ್ನು ತಿಳಿದು, ಇದ್ದಂತೆಯೇ ಹೇಳುವವನು ಆಪ್ತ. ತಿಂಗಳ ಕೊನೆಯಲ್ಲಿ ಟಾರ್ಗೆಟ್ ಇರುವ ಸರ್ವಿಸ್ ಅಡ್ವೈಸರ್ ಈ ಲಕ್ಷಣಕ್ಕೆ ಹೊಂದುವುದು ಕಷ್ಟ. ಹಾಗಾದರೆ ಮೂಲೆ ಗ್ಯಾರೇಜಿನ ಮೇಸ್ತ್ರಿ? ಆತನ ವಿದ್ಯೆ ದೊಡ್ಡದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿನ ಮೇಲೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ, ಆಲ್ಟರ್ನೇಟರಿನಿಂದ ವಾಟರ್ ಪಂಪಿಗೆ, ಅಲ್ಲಿಂದ ಟೆನ್ಷನರ್ ಪುಲ್ಲಿಗೆ ಜಾರಿಸುತ್ತ ಬಂದು, "ಪುಲ್ಲಿ ಬೇರಿಂಗು. ಇನ್ನೊಂದು ಮಳೆಗಾಲ ತಡೆಯುತ್ತೆ" ಎಂದು ತೀರ್ಪು ಕೊಡುತ್ತಾನೆ. ಜೆ.ಸಿ. ರಸ್ತೆಯಲ್ಲಿ ಆ ಬೇರಿಂಗು ಎಷ್ಟಕ್ಕೆ ಸಿಗುತ್ತದೆ, ಶಿವಾಜಿನಗರದಲ್ಲಿ ಎಷ್ಟಕ್ಕೆ ಸಿಗುತ್ತದೆ ಎಂಬ ಭೇದಜ್ಞಾನವೂ ಆತನಿಗುಂಟು. ಆದರೆ "ವಾರಂಟಿ ಯಾಕೆ ಸಾರ್, ನಾನಿಲ್ವಾ?" ಎನ್ನುವ ಅವನ ಮಾತಿಗೂ ಒಂದು ಟಾರ್ಗೆಟ್ ಇದೆ. ಹೀಗೆ ಎರಡೂ ಕಡೆ ಆಪ್ತತ್ವ ಸಿದ್ಧಿಸದೆ ಶಬ್ದಪ್ರಮಾಣ ಬಿದ್ದುಹೋಗುತ್ತದೆ.

ಅರ್ಥಾಪತ್ತಿ. ಈ ಪ್ರಮಾಣಕ್ಕೆ ಶಾಸ್ತ್ರದ ಉದಾಹರಣೆ ನಮ್ಮ ದೇವದತ್ತನೇ: ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಿರಲೇಬೇಕು. ಇದನ್ನು ವಾರಂಟಿಗೆ ಹೊಂದಿಸೋಣ. ಕಂಪನಿ ಎಲ್ಲರಿಂದ ಹಣ ತೆಗೆದುಕೊಳ್ಳುತ್ತದೆ, ಎಲ್ಲರ ಕಾರನ್ನೂ ರಿಪೇರಿ ಮಾಡಿಸುತ್ತೇನೆ ಎನ್ನುತ್ತದೆ, ಮಾರಿದ ಅಡ್ವೈಸರಿಗೂ ಪಾಲು ಕೊಡುತ್ತದೆ, ಆದರೂ ದಪ್ಪಗಿದೆ. ಆದ್ದರಿಂದ ಒಳಗೆ ಬರುವ ಹಣಕ್ಕಿಂತ ರಿಪೇರಿಗೆ ಹೋಗುವ ಹಣ ಕಡಿಮೆ ಇರಲೇಬೇಕು. ಪ್ರಬಂಧದ ತಿರುಳು ಇರುವುದು ಇಲ್ಲಿ, ಮಿಕ್ಕದ್ದು ವ್ಯಾಖ್ಯಾನ.

ಅನುಪಲಬ್ಧಿ. ಹುಡುಕಿದರೂ ಸಿಗದಿರುವುದೇ ಇಲ್ಲವೆಂಬುದಕ್ಕೆ ಪ್ರಮಾಣ. ಕರಾರುಪತ್ರದಲ್ಲಿ ಸಸ್ಪೆನ್ಷನ್ ಬುಶ್ ಎಲ್ಲಿದೆ ಎಂದು ಹುಡುಕುವವರಿಗೆ ಇದು ತಾನಾಗಿಯೇ ಒದಗಿಬರುತ್ತದೆ.

ಅಭಾವ ಪ್ರಕರಣ

ಸೂತ್ರ: ಕೆಡದಿರುವುದಕ್ಕೆ ರಕ್ಷೆ, ಕೆಡುವುದಕ್ಕೆ ಷರತ್ತು.

ವ್ಯಾಖ್ಯಾನ: ವ್ಯಾಕರಣದಲ್ಲಿ ಉತ್ಸರ್ಗ, ಅಪವಾದ ಎಂದು ಎರಡುಂಟು. ಉತ್ಸರ್ಗ ಸಾಮಾನ್ಯ ನಿಯಮ, ಅಪವಾದ ಅದಕ್ಕೆ ಹೊರತಾದದ್ದು. ಎರಡೂ ಎದುರಾದರೆ ಗೆಲ್ಲುವುದು ಅಪವಾದ. ವಾರಂಟಿ ಪತ್ರದಲ್ಲಿ ಉತ್ಸರ್ಗ ಒಂದೇ ಸಾಲು: ಎಲ್ಲ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ದೋಷಗಳಿಗೂ ರಕ್ಷಣೆ. ಅದನ್ನು ದಪ್ಪಕ್ಷರದಲ್ಲಿ ಹಾಕಿ, ಪಕ್ಕದಲ್ಲಿ ನಗುವ ಕುಟುಂಬವೊಂದರ ಚಿತ್ರ ಅಚ್ಚುಮಾಡಿರುತ್ತಾರೆ. ಅಪವಾದಗಳು ಆ ಕುಟುಂಬದ ಬೆನ್ನ ಹಿಂದೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಮುಂದಿನ ಪುಟಗಳ ತುಂಬ ಹರಿದಿರುತ್ತವೆ. ಆ ಪುಟಗಳನ್ನು ಓದಲು ವೈಶೇಷಿಕರು ಹೇಳಿದ ನಾಲ್ಕು ಬಗೆಯ ಅಭಾವಗಳನ್ನು ಬಲ್ಲವನೇ ಶಕ್ತ.

ಪ್ರಾಗಭಾವ: ಹುಟ್ಟುವ ಮುಂಚಿನ ಇಲ್ಲದಿರುವಿಕೆ. ಹಣ ಇಂದು ಕೊಟ್ಟಿದ್ದೀರಿ, ರಕ್ಷೆ ಶುರುವಾಗುವುದು ಕಂಪನಿಯ ಮೂಲ ವಾರಂಟಿ ಮುಗಿದ ಮೇಲೆ. ಹಳೇ ಕಾರುಗಳಿಗೆ ಮಾರುವ ಕೆಲವು ಯೋಜನೆಗಳಲ್ಲಿ ಮೊದಲ ಕೆಲವು ದಿನ ಕ್ಲೇಮ್ ಮಾಡುವಂತೆಯೇ ಇಲ್ಲ.

ಪ್ರಧ್ವಂಸಾಭಾವ: ಇದ್ದದ್ದು ನಾಶವಾದ ಮೇಲಿನ ಇಲ್ಲದಿರುವಿಕೆ. ಒಂದು ಸರ್ವಿಸ್ ತಡವಾಯಿತು. ಇಲ್ಲವೇ ಹೊರಗಡೆ ಮಾಡಿಸಿದಿರಿ. ಇಲ್ಲವೇ ದೀಪಾವಳಿಗೆಂದು ವೈರು ಕತ್ತರಿಸಿ ಜೋರಾದ ಹಾರನ್ ಹಾಕಿಸಿದಿರಿ. ಇಲ್ಲವೇ ಖರ್ಚು ಉಳಿಸಲು ಹೊರಗಿನ ಸಿಎನ್‌ಜಿ ಕಿಟ್ ಕೂರಿಸಿದಿರಿ. ರಕ್ಷೆ ಅಲ್ಲಿಗೆ ಪ್ರಧ್ವಂಸ.

ಅನ್ಯೋನ್ಯಾಭಾವ: ಇದು ಅದಲ್ಲ ಎಂಬುದು. ಮಡಕೆ ಬಟ್ಟೆಯಲ್ಲ, ಬಟ್ಟೆ ಮಡಕೆಯಲ್ಲ. ಹಾಗೆಯೇ ಗೇರ್‌ಬಾಕ್ಸ್ ಒಳಗುಂಟು, ಕ್ಲಚ್ ಪ್ಲೇಟ್ ಗೇರ್‌ಬಾಕ್ಸ್ ಅಲ್ಲ. ಕಂಪ್ರೆಸರ್ ಒಳಗುಂಟು, ಅದರೊಳಗಿನ ಗ್ಯಾಸ್ ಕಂಪ್ರೆಸರ್ ಅಲ್ಲ. ಬಿಚ್ಚಿದ ಎಂಜಿನ್ ಒಳಗುಂಟು, ಕೂಡಿಸುವಾಗ ತುಂಬುವ ಆಯಿಲ್ ಎಂಜಿನ್ ಅಲ್ಲ. ಕ್ಲೇಮ್ ಮಂಜೂರಾದ ಮೇಲೂ ಕೌಂಟರಿನಲ್ಲಿ ಬಿಲ್ಲೊಂದು ಕೈಗೆ ಬರುವುದು ಈ ಅಭಾವದ ಮಹಿಮೆ.

ಅತ್ಯಂತಾಭಾವ: ಮೂರು ಕಾಲದಲ್ಲೂ ಇಲ್ಲದಿರುವುದು. ಟೈರು, ಬ್ಯಾಟರಿ, ಬ್ರೇಕ್ ಪ್ಯಾಡು, ವೈಪರ್ ಬ್ಲೇಡು, ಬಲ್ಬು, ಫಿಲ್ಟರು, ರಬ್ಬರ್ ಬುಶ್ಶು. ಹೆಗ್ಗಣ ಕಡಿದ ವೈರಿಂಗು. ಮಲ್ಪೆ, ಸುರತ್ಕಲ್ಲಿನ ಉಪ್ಪುಗಾಳಿಗೆ ಹಿಡಿದ ತುಕ್ಕು. ಈಗ ಓದುಗರು ತಮ್ಮ ಹಳೇ ಬಿಲ್ಲುಗಳನ್ನು ತೆಗೆದು ಈ ಪಟ್ಟಿಯ ಪಕ್ಕದಲ್ಲಿ ಇಟ್ಟುಕೊಳ್ಳಲಿ. ನಮ್ಮ ರಸ್ತೆಗಳ ಮೇಲೆ ಹಳೇ ಕಾರು ಮೊದಲು ಕೇಳುವುದು ಬುಶ್ಶು, ಲಿಂಕ್ ರಾಡು, ಕ್ಲಚ್ಚು, ಬ್ಯಾಟರಿ, ಟೈರು. ಇವುಗಳಿಗೆ ಬಹುಮಟ್ಟಿಗೆ "ಸವೆತ" ಎಂಬ ಒಂದೇ ಉತ್ತರ.

ಇಲ್ಲಿ ತ್ರಿಶಂಕುವಿನ ಪ್ರಸಂಗವನ್ನೂ ಹೇಳಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಡೆ ಕಾರುಗಳು ನೀರಲ್ಲಿ ನಿಂತದ್ದನ್ನು ಎಲ್ಲರೂ ನೋಡಿದ್ದಾರೆ. ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿದರೆ ಸಿಲಿಂಡರಿಗೆ ನುಗ್ಗಿದ ನೀರನ್ನು ಪಿಸ್ಟನ್ ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ; ಹೈಡ್ರೋಸ್ಟ್ಯಾಟಿಕ್ ಲಾಕ್ ಎನ್ನುತ್ತಾರೆ. ವಾರಂಟಿಯವರು "ಇದು ಹೊರಗಿನ ಕಾರಣ, ವಿಮೆಯವರನ್ನು ಕೇಳಿ" ಎನ್ನುತ್ತಾರೆ. ವಿಮೆಯವರು "ಇದು ಆನಂತರದ ಹಾನಿ, ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ಕವರ್ ತಗೊಂಡಿದ್ರಾ?" ಎನ್ನುತ್ತಾರೆ. ತೆಗೆದುಕೊಳ್ಳದ ದೇವದತ್ತ ಎರಡು ಕೌಂಟರುಗಳ ನಡುವೆ ತಲೆಕೆಳಗಾಗಿ ತೂಗುತ್ತಾನೆ.

ಪೂರ್ವಪಕ್ಷ

ಶೋರೂಂ ಪಂಥದವರು ಮೂರು ವಾದಗಳನ್ನು ಹೂಡುತ್ತಾರೆ. ಒಂದು: ಇದು ಬಹಳ ಅಗ್ಗ, ದಿನಕ್ಕೆ ಎರಡು ಟೀ ಖರ್ಚು. ಎರಡು: ಒಂದು ದೊಡ್ಡ ರಿಪೇರಿ ಬಂದರೆ ಕೊಟ್ಟದ್ದೆಲ್ಲ ವಸೂಲು. ಮೂರು: ನೆಮ್ಮದಿ. ನೆಮ್ಮದಿಗೆ ಬೆಲೆ ಕಟ್ಟಲಾದೀತೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಟ್ಟಿದ ಬೆಲೆಯನ್ನು ಟ್ಯಾಬ್ಲೆಟ್ಟಿನಲ್ಲಿ ತೋರಿಸುತ್ತಾರೆ.

ಉತ್ತರಪಕ್ಷ

ಮೊದಲನೆಯದು ಟೀಯ ವಾದ. ಎರಡು ವರ್ಷದ ಯೋಜನೆಗೆ 20,000 ರೂಪಾಯಿ ಎಂದುಕೊಳ್ಳೋಣ. 730 ದಿನಕ್ಕೆ ಹಂಚಿದರೆ ದಿನಕ್ಕೆ 27 ರೂಪಾಯಿ ಚಿಲ್ಲರೆ. ಎರಡು ಟೀ ಬರುತ್ತದೆ, ನಿಜ. ಆದರೆ ಟೀಗೆ ಅಂಗಡಿಯವನು ಮೇಲೆ ಶೇ. 18 ಜಿಎಸ್‌ಟಿ ಹಾಕುವುದಿಲ್ಲ. ಹಾಕಿದರೆ 23,600. ಇನ್ನೂ ಮುಖ್ಯವಾದ ಭೇದವೆಂದರೆ, ಟೀಯನ್ನು ದಿನಾ ಕುಡಿಯುತ್ತೇವೆ; ಎರಡು ವರ್ಷದ ಟೀಯನ್ನು ಇಂದೇ ಕುಡಿದು ಮುಗಿಸಿ ಎಂದು ಯಾರೂ ಕ್ರೆಡಿಟ್ ಕಾರ್ಡ್ ಕೇಳುವುದಿಲ್ಲ.

ಎರಡನೆಯದು ವಸೂಲಿಯ ವಾದ. ವಾರಂಟಿಯೊಳಗೆ ಬರುವ ದೊಡ್ಡ ರಿಪೇರಿಗೆ 60,000 ರೂಪಾಯಿ ಎಂದುಕೊಳ್ಳೋಣ. 23,600 ಕೊಟ್ಟದ್ದು ಸಮನಾಗಬೇಕಾದರೆ ಅಂಥ ರಿಪೇರಿ ಬರುವ ಸಂಭವ ಶೇ. 39ರಷ್ಟಿರಬೇಕು. ಅಂದರೆ ಹತ್ತು ಕಾರುಗಳಲ್ಲಿ ನಾಲ್ಕು ಎರಡೇ ವರ್ಷದಲ್ಲಿ ಮಂಡಿಯೂರಬೇಕು. ಅಷ್ಟು ಕೆಡುವ ಕಾರಿಗೆ ಆ ಬೆಲೆಯಲ್ಲಿ ವಾರಂಟಿ ಮಾರಿದರೆ ಕಂಪನಿಯೇ ಮುಳುಗುತ್ತದೆ, ಮುಳುಗಿಲ್ಲ, ಆದ್ದರಿಂದ ಹಿಂದೆ ಹೇಳಿದ ಅರ್ಥಾಪತ್ತಿ.

"ನನ್ನ ಕಾರು ಕೆಡುತ್ತದೆಂದು ನನಗೆ ಗೊತ್ತು, ಕಂಪನಿಗೆ ಗೊತ್ತಿಲ್ಲ, ಗುಟ್ಟಾಗಿ ಕೊಂಡುಬಿಡುತ್ತೇನೆ" ಎಂಬ ಜಾಣ ಆಕ್ಷೇಪವೊಂದುಂಟು. 1970ರಲ್ಲಿ ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ ಹಳೇ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿ ಹಿಡಿದು, ಒಬ್ಬನಿಗೆ ಗೊತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲದ ಕಡೆ ವ್ಯಾಪಾರ ಹೇಗೆ ಕೆಡುತ್ತದೆಂದು ತೋರಿಸಿದರು. 2001ರಲ್ಲಿ ಸ್ಪೆನ್ಸ್, ಸ್ಟಿಗ್ಲಿಟ್ಜ್ ಜೊತೆ ನೊಬೆಲ್ ಹಂಚಿಕೊಂಡರು. ಕಂಪನಿಯವರೂ ಇದನ್ನು ಬಲ್ಲರು. ಅದಕ್ಕೇ ಮೊದಲು ಕಾರನ್ನು ಪರೀಕ್ಷೆಗೆ ಬಿಡಿ ಎನ್ನುತ್ತಾರೆ, ಆಗಲೇ ಇದ್ದ ದೋಷಕ್ಕೆ ರಕ್ಷೆಯಿಲ್ಲ ಎಂದು ಬರೆದಿರುತ್ತಾರೆ, ಮೂಲ ವಾರಂಟಿ ಮುಗಿಯುತ್ತ ಬಂದಂತೆ ಬೆಲೆ ಏರಿಸುತ್ತಾರೆ. ನಿಮ್ಮ ಗುಟ್ಟಿಗೆ ಅವರು ಮುಂಚೆಯೇ ದರ ಹಾಕಿದ್ದಾರೆ.

ಯಂತ್ರಗಳು ಕೆಡುವ ಕ್ರಮದ ಬಗ್ಗೆ ಎಂಜಿನಿಯರುಗಳು ಬರೆಯುವ ರೇಖೆಗೆ ಸ್ನಾನದ ತೊಟ್ಟಿಯ ಆಕಾರ. ಹೊಸದರಲ್ಲಿ ತಯಾರಿಕೆಯ ದೋಷಗಳಿಂದ ಎತ್ತರ, ನಡುವೆ ಬಹುಕಾಲ ತಗ್ಗು, ಮುಪ್ಪಿನಲ್ಲಿ ಸವೆತದಿಂದ ಮತ್ತೆ ಎತ್ತರ. ಸ್ವೀಡನ್ನಿನ ವಾಲೊಡಿ ವೈಬುಲ್ 1951ರಲ್ಲಿ ಪ್ರಕಟಿಸಿದ ಸೂತ್ರದಿಂದ ಈ ಮೂರು ಘಟ್ಟಗಳನ್ನೂ ಗಣಿತದಲ್ಲಿ ಬರೆಯಬಹುದು. ತೊಟ್ಟಿಯ ಮೊದಲ ಅಂಚು ಕಂಪನಿಯ ಮೂಲ ವಾರಂಟಿಯಲ್ಲೇ ಬರುತ್ತದೆ. ವಿಸ್ತರಿಸಿ ಮಾರುವುದು ನಡುವಿನ ತಗ್ಗನ್ನು. ಎರಡನೇ ಅಂಚು ಏರತೊಡಗುವ ಹೊತ್ತಿಗೆ ವರ್ಷದ ಮಿತಿಯೋ ಕಿಲೋಮೀಟರ್ ಮಿತಿಯೋ ಮುಗಿದಿರುತ್ತದೆ. ಮಿತಿಯಾಚೆಗೂ ಮಾರುವವರು ಅಂಚಿನ ಸವೆತವನ್ನೆಲ್ಲ ಅತ್ಯಂತಾಭಾವಕ್ಕೆ ಸೇರಿಸಿರುತ್ತಾರೆ.

ಮೂರನೆಯದು ನೆಮ್ಮದಿಯ ವಾದ. ಇದನ್ನು ಹಗುರವಾಗಿ ಕಾಣುವಂತಿಲ್ಲ. ಮನುಷ್ಯ ಪಡೆದದ್ದಕ್ಕಿಂತ ಕಳೆದುಕೊಂಡದ್ದಕ್ಕೆ ಹೆಚ್ಚು ಮರುಗುತ್ತಾನೆ, ಅಪರೂಪದ ಸಂಭವಗಳಿಗೆ ಮನಸ್ಸಿನಲ್ಲಿ ಇರುವುದಕ್ಕಿಂತ ಹೆಚ್ಚು ತೂಕ ಕೊಡುತ್ತಾನೆ ಎಂದು ಮನಶ್ಶಾಸ್ತ್ರಜ್ಞರಾದ ಕಾಹ್ನೆಮನ್, ಟ್ವೆರ್ಸ್ಕಿ 1979ರಲ್ಲೇ ವಾದಿಸಿದ್ದರು. ವಾರಂಟಿ ಮಾರಾಟ ಬದುಕಿರುವುದು ಈ ಎರಡು ಕಾಲುಗಳ ಮೇಲೆ. ಆದರೆ ಕೊಂಡ ಮೇಲೆ ದೇವದತ್ತನ ಚಿಂತೆ ಹೋಗುವುದಿಲ್ಲ, ಬದಲಾಗುತ್ತದೆ: ಮುಂಚೆ ಕಾರು ಕೆಟ್ಟೀತೆಂದು ಹೆದರುತ್ತಿದ್ದವನು ಈಗ ಕ್ಲೇಮ್ ತಿರಸ್ಕೃತವಾದೀತೆಂದು ಹೆದರುತ್ತಾನೆ. ವಾರಂಟಿ ಮುಗಿಯುವ ತಿಂಗಳಲ್ಲಂತೂ ಏನೂ ಕೆಡದಿರುವುದೇ ಅವನಿಗೆ ನಷ್ಟವಾಗಿ ಕಾಣತೊಡಗುತ್ತದೆ.

ಸಿದ್ಧಾಂತ

ಮೀಮಾಂಸೆಯಲ್ಲಿ ವಿಧಿ ಮತ್ತು ನಿಷೇಧ ಎರಡೂ ಸ್ಪಷ್ಟವಾಗಿರಬೇಕು.

ನಿಷೇಧ: ಏಳೆಂಟು ವರ್ಷ ದಾಟಿದ, ಸರಳ ಪೆಟ್ರೋಲ್ ಎಂಜಿನ್ನಿನ, ಕೈಗೇರಿನ ಕಾರಿಗೆ, ಅದರ ಬಿಡಿಭಾಗ ಎಲ್ಲ ಊರುಗಳಲ್ಲೂ ಸಿಗುವಾಗ, ವಾರಂಟಿ ಕೊಳ್ಳಕೂಡದು. ಕಾರು ತಯಾರಿಸಿದವರಲ್ಲದ ಮೂರನೆಯವರು ಫೋನಿನಲ್ಲಿ ಮಾರುವುದನ್ನಂತೂ ಮುಟ್ಟಕೂಡದು.

ವಿಧಿ: ಅದೇ 23,600 ರೂಪಾಯಿಯನ್ನು ಬೇರೆ ಖಾತೆಯಲ್ಲಿ ಇಟ್ಟು ತಿಂಗಳಿಗೆ ಒಂದು ಸಾವಿರ ಸೇರಿಸುತ್ತ ಹೋಗಬೇಕು. ಈ ನಿಧಿ ಬುಶ್ಶಿಗೂ ಆಗುತ್ತದೆ, ಬ್ಯಾಟರಿಗೂ ಆಗುತ್ತದೆ, ಹೆಗ್ಗಣ ಕಡಿದ ವೈರಿಗೂ ಆಗುತ್ತದೆ. ಇದಕ್ಕೆ ಪ್ರಾಗಭಾವವಿಲ್ಲ, ಷರತ್ತಿಲ್ಲ. ಖರ್ಚಾಗದಿದ್ದರೆ ಬಡ್ಡಿ ಸಮೇತ ನಿಮ್ಮದೇ.

ಅಪವಾದ: ಮೂಲ ವಾರಂಟಿ ಇನ್ನೂ ಮುಗಿದಿಲ್ಲ, ಕಾರಿನಲ್ಲಿ ಡ್ಯುಯಲ್ ಕ್ಲಚ್ ಅಥವಾ ಸಿವಿಟಿ ಗೇರ್‌ಬಾಕ್ಸ್, ಟರ್ಬೊ, ಇಲ್ಲವೇ 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಎಂಜಿನ್ನಿನ ಹೊಗೆಶೋಧಕ ಇದೆ, ಇನ್ನೂ ಮೂರ್ನಾಲ್ಕು ವರ್ಷ ಅದನ್ನೇ ಓಡಿಸುವ ನಿಶ್ಚಯವಿದೆ, ಲಕ್ಷ ರೂಪಾಯಿಯ ಒಂದೇ ಬಿಲ್ಲು ಬಂದರೆ ಮನೆಯ ಲೆಕ್ಕ ತಪ್ಪುತ್ತದೆ. ಈ ನಾಲ್ಕೂ ಕೂಡಿದಲ್ಲಿ ತಯಾರಕರದೇ ವಾರಂಟಿಯನ್ನು ಕೊಳ್ಳಬಹುದು. ಹಣ ಕೊಡುವ ಮುಂಚೆ ಅಪವಾದದ ಪುಟಗಳನ್ನು ಮನೆಗೆ ತಂದು ಓದಬೇಕು. ಕ್ಲೇಮಿನ ಗರಿಷ್ಠ ಮೊತ್ತ ಎಷ್ಟೆಂದು ಕೇಳಬೇಕು. ಎಲ್ಲ ಬಿಲ್ಲುಗಳನ್ನೂ ಕಾಪಾಡಬೇಕು.

ಪ್ರಾಯಶ್ಚಿತ್ತ: ಈಗಾಗಲೇ ಕೊಂಡಿದ್ದು, ನ್ಯಾಯವಾದ ಕ್ಲೇಮನ್ನು ಕಂಪನಿಯವರು ಸುಮ್ಮನೆ ತಳ್ಳಿಹಾಕಿದ್ದರೆ ತಿರಸ್ಕಾರದ ಕಾರಣವನ್ನು ಬರಹದಲ್ಲಿ ಪಡೆಯಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗವಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ.

ಫಲಶ್ರುತಿ

ಈ ಪ್ರಬಂಧವನ್ನು ಸರ್ವಿಸ್‌ಗೆ ಬಿಡುವ ಹಿಂದಿನ ರಾತ್ರಿ ಓದಿದವರ ಕಾರು ಕೆಡದಿರುತ್ತದೆ ಎಂದು ಹೇಳಲಾಗದು, ಕಾರುಗಳು ಓದುವುದಿಲ್ಲ. ಓದಿದ ಮಾಲೀಕನು ಕೌಂಟರಿನಲ್ಲಿ "ಪೂರ್ತಿ ಷರತ್ತಿನ ಪ್ರತಿ ಕೊಡಿ, ನಾಳೆ ಹೇಳ್ತೀನಿ" ಎನ್ನಲು ಶಕ್ತನಾಗುತ್ತಾನೆ. ಅಷ್ಟು ಹೇಳಿ ಮನೆಗೆ ಬನ್ನಿ. ಇವತ್ತೇ ಲಾಸ್ಟು ಎಂದ ಆಫರ್ ನಾಳೆಯೂ ಇರುತ್ತದೆ.